ಔಷಧದ ಹಿಂದಿರುವ ಅಮಾನತ್ತು
(ಹೊಳಲ್ಕೆರೆ ತಾಲೂಕಿನ ರಾಮಗಿರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ರೋಗ ಬಂದರೆ ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿ(ಸ)ಯವರ ಬೋಧನೆ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬೇಕೆಂದು ವೈದ್ಯರು ಹೇಳಿದೊಡನೆ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳೇಳುತ್ತವೆ. ಅದು ಹಂದಿಯದಲ್ಲವೇ? ಬೇರಿನ ಪುಡಿ ಸಾಲದೇ? ಔಷಧ ಹುಟ್ಟುವ ಬಗೆಯನ್ನು ಅರಿತರೆ ಎರಡಕ್ಕೂ ಉತ್ತರ ಸಿಗುತ್ತದೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿಯ ಸಾರವನ್ನು ನಾಯಿಗಳ ಮೇಲೆ ಪರೀಕ್ಷಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಫಲಿಸಲಿಲ್ಲ, ಸಾರದಲ್ಲಿ ಕಲ್ಮಶವಿತ್ತು. ಕಾಲಿಪ್ ಅದನ್ನು ಶುದ್ಧೀಕರಿಸಿದರು. 12 ದಿನಗಳ ಬಳಿಕ ಕೊಟ್ಟ ಮದ್ದಿನಿಂದ ಬಾಲಕ ಚೇತರಿಸಿಕೊಂಡ. ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಔಷಧವನ್ನು ಕೇವಲ ಲಾಭದ ಸರಕಾಗಿ ಕಾಣುವವರು ಇದನ್ನು ನೆನೆಯಬೇಕು.

ದಶಕಗಳ ಕಾಲ ಇನ್ಸುಲಿನ್ ದನ ಮತ್ತು ಹಂದಿಗಳಿಂದಲೇ ದೊರೆಯುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕ ಅನುಮತಿ ನೀಡಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಲ್ಲಿ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಇಂತಹ ಇನ್ಸುಲಿನ್ ಹಂದಿಯ ಗ್ರಂಥಿಯಿಂದ ತೆಗೆದದ್ದಲ್ಲ. ಸಂಶಯವಿದ್ದರೆ ವೈದ್ಯರನ್ನು ಕೇಳೋಣ. ಮದ್ದನ್ನು ನಿಲ್ಲಿಸಿ ಪ್ರಾಣಕ್ಕೆ ಅಪಾಯ ತಂದುಕೊಳ್ಳುವುದು ಬೇಡ.

ಇನ್ನು ಬೇರಿನ ಮಾತು. ಸಸ್ಯಗಳನ್ನು ವಿಜ್ಞಾನ ತಿರಸ್ಕರಿಸಿಲ್ಲ. ಸಕ್ಕರೆ ಕಾಯಿಲೆಯವರು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಗಲೇಗಾ ಎಂಬ ಗಿಡದ ಅಧ್ಯಯನದಲ್ಲಿದೆ. ಆದರೆ ಅದು ಪರೀಕ್ಷೆಗಳನ್ನು ದಾಟಿ ಬಂತು. ಹೊಸ ಔಷಧವನ್ನು ಮೊದಲು ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ, ಅನಂತರ ಕೆಲವೇ ಸ್ವಯಂಸೇವಕರಲ್ಲಿ, ಕೊನೆಗೆ ನೂರಾರು, ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸುತ್ತಾರೆ. ಹೆಚ್ಚಿನವು ದಾರಿಯಲ್ಲೇ ಸೋಲುತ್ತವೆ. ಪ್ರಾಣಿಯಲ್ಲಿ ಕಂಡ ಗುಣ ಮನುಷ್ಯನಲ್ಲೂ ಕಾಣಬೇಕೆಂದಿಲ್ಲ ಎಂದು ಇಬ್ನು ಸೀನಾ ಸಾವಿರ ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು. ಅವರ ವಾರಸುದಾರರೆನ್ನುವ ನಾವು ಪುರಾವೆಯಿಲ್ಲದ ಪುಡಿಯನ್ನು ನಂಬಬಹುದೇ?

ಪ್ರಯೋಗಕ್ಕೆ ದೇಹವನ್ನು ಒಪ್ಪಿಸುವವನ ನಂಬಿಕೆ ಒಂದು ಅಮಾನತ್ತು. ಬಡವನ ಹೆಬ್ಬೆಟ್ಟನ್ನು ಮೋಸದಿಂದ ಪಡೆಯುವುದು ದ್ರೋಹ. 2019ರ ನಿಯಮಗಳಂತೆ ತಿಳಿವಳಿಕೆಯ ಒಪ್ಪಿಗೆ ಕಡ್ಡಾಯ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರಗಳಿವೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕದಿರೋಣ. ಪ್ರಶ್ನಿಸಬಲ್ಲ, ಸಂಶೋಧಿಸಬಲ್ಲ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ಬೆಳೆಸೋಣ.

ಅಲ್ಲಾಹನು ನಮಗೆ ಪ್ರಯೋಜನಕಾರಿ ಜ್ಞಾನವನ್ನು ಕರುಣಿಸಲಿ. ಆಮೀನ್.