ಪುಸ್ತಕ ಮುಚ್ಚಿದ ವಾರ

ಮೇಷ್ಟರಿಗೇನು, ವರ್ಷದಲ್ಲಿ ಅರ್ಧ ಭಾಗ ರಜವೇ ಎಂದು ನಿಮ್ಮಲ್ಲಿ ಕೆಲವರಾದರೂ ಎಂದಾದರೊಮ್ಮೆ ಅಂದಿರುತ್ತೀರಿ. ಆ ಮಾತು ನನ್ನ ಕಿವಿಗೂ ಬಿದ್ದಿದೆ. ನಾನು ಜಗಳಕ್ಕೆ ಬರುವವನಲ್ಲ. ಆದರೆ ರಜವನ್ನು ಕಂಡುಹಿಡಿದವರು ನಾವಲ್ಲವೆಂಬುದನ್ನು ಮಾತ್ರ ಅರಿಕೆ ಮಾಡಿಕೊಳ್ಳುತ್ತೇನೆ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಪಾಠ ಕೂಡದೆಂದು ಹಿಂದಿನವರು ಕಟ್ಟು ಮಾಡಿದ್ದರು. ಲೆಕ್ಕ ಹಾಕಿ ನೋಡಿ, ತಿಂಗಳಿಗೆ ಎಂಟು ದಿನವಾಯಿತು. ಅಕಾಲದಲ್ಲಿ ಗುಡುಗಿದರೂ ಪಾಠವಿಲ್ಲ; ಶಿಷ್ಟರು ಮನೆಗೆ ಬಂದರೂ ಪಾಠವಿಲ್ಲ. ನಮ್ಮ ಭಾನುವಾರ ಇದರ ಮುಂದೆ ಜಿಪುಣನ ದಾನವೇ ಸರಿ.

ನವರಾತ್ರಿಯದು ಇನ್ನೂ ಒಂದು ಹೆಜ್ಜೆ ಮುಂದೆ. ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಆವಾಹನೆ ಮಾಡಿ ಪುಸ್ತಕಗಳನ್ನು ಪೀಠಕ್ಕೆ ಏರಿಸಿದರೆ, ಶ್ರವಣದಲ್ಲಿ ವಿಸರ್ಜನೆಯಾಗುವವರೆಗೆ ಅವನ್ನು ಬಿಡಿಸಿ ಓದುವಂತಿಲ್ಲ. ಹುಡುಗರಿಗೆ ಇದಕ್ಕಿಂತ ಪ್ರಿಯವಾದ ಶಾಸ್ತ್ರವಿಲ್ಲ. ಓದುವ ಚಟದವನಿಗೆ ಮಾತ್ರ ಇದು ನಾಲಗೆ ಕಟ್ಟಿದಂತೆ. ಈ ಸಲದ ನನ್ನ ದಸರೆಯ ವಾರ ಹೀಗೆಯೇ ಕಳೆಯಿತು. ನನ್ನ ನಿಘಂಟು, ವ್ಯಾಕರಣಗಳೆಲ್ಲ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮೇಲೆ ಕುಳಿತವು. ನಾನು ಕೆಳಗೆ ಕುಳಿತೆ.

ರಜಕ್ಕೆ ಮೊದಲು ನಡೆದದ್ದನ್ನು ಈಗ ಹೇಳಬೇಕು. ಶಾಲೆ ಮುಚ್ಚುವ ದಿನ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚುತ್ತಿದ್ದೆ. ಹಳ್ಳಿಯಿಂದ ನಡೆದು ಬರುವ ಒಬ್ಬ ಹುಡುಗ ತನ್ನ ದಿನಚರಿಯ ಪ್ರಬಂಧದಲ್ಲಿ, ‘ನಮ್ಮವ್ವ ಅಟ್ಟ ಮುದ್ದೆಯನ್ನು ಉಂಡು ಹೊರಡುತ್ತೇನೆ’ ಎಂದು ಬರೆದಿದ್ದ. ನಾನು ‘ಅಟ್ಟ’ದ ಕೆಳಗೆ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ‘ಏನಯ್ಯಾ, ನಿಮ್ಮವ್ವ ಮುದ್ದೆಯನ್ನು ಅಟ್ಟದ ಮೇಲಿಡುತ್ತಾಳೋ, ಇಲ್ಲ ಮುದ್ದೆಯನ್ನೇ ಅಟ್ಟಿಸಿಕೊಂಡು ಹೋಗುತ್ತಾಳೋ?’ ಎಂದು ಕೇಳಿದೆ. ತರಗತಿ ಘೊಳ್ಳೆಂದು ನಕ್ಕಿತು. ಮೇಷ್ಟರ ಹಾಸ್ಯಕ್ಕೆ ನಗದ ತರಗತಿ ಎಲ್ಲಿದೆ? ಹುಡುಗ ಮಾತಾಡಲಿಲ್ಲ. ಬೆಂಚಿಗೆ ಹೋಗಿ ಕುಳಿತು, ತನ್ನ ಲೇಖನಿಯಿಂದ ಆ ಪದವನ್ನು ಕಾಣದಂತೆ ಗೀಚಿ, ಮೇಲೆ ‘ಮಾಡಿದ’ ಎಂದು ಬರೆದುಕೊಂಡ. ನಾನು ಅದನ್ನು ನೋಡಿದೆ. ತಿದ್ದಿಕೊಂಡನಲ್ಲ ಎಂದು ಸಂತೋಷವನ್ನೂ ಪಟ್ಟೆ.

ರಜದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಳೆಗಾಲವೆಲ್ಲ ಮೂಲೆಯಲ್ಲಿ ಬಿದ್ದಿದ್ದ ಕೊಡೆಯನ್ನು ರಿಪೇರಿ ಮಾಡಿಸಿ ತಂದೆ. ಕಿಟಕಿಯ ಹೊರಗೆ ಒಳ್ಳೆಯ ಬಿಸಿಲು. ಅಡುಗೆಯ ಮನೆಯಿಂದ ನನ್ನ ಮನೆಯಾಕೆ, ‘ಅಟ್ಟ ಮೇಲೆ ಒಲೆ ಉರಿಯಿತು’ ಎಂದಳು. ಗಾದೆಯ ಉಳಿದರ್ಧ ನಿಮಗೂ ಗೊತ್ತು: ‘ಕೆಟ್ಟ ಮೇಲೆ ಬುದ್ಧಿ ಬಂತು’. ನಾನು ನಕ್ಕೆ. ನಕ್ಕವನು ಕೊಡೆಯನ್ನು ಗೂಟಕ್ಕೆ ತಗುಲಿಸಲು ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿದೆ.

ಅಟ್ಟ ಮೇಲೆ, ಎಂದರೆ ಅಡಿಗೆಯಾದ ಮೇಲೆ. ‘ಅಡು’ ಎಂದರೆ ಬೇಯಿಸು. ‘ಅಟ್ಟ’ ಅದರ ಭೂತಕಾಲದ ಕೃದಂತ. ಉಡು, ಉಟ್ಟ, ಉಡುಗೆ. ತೊಡು, ತೊಟ್ಟ, ತೊಡುಗೆ. ಅಡು, ಅಟ್ಟ, ಅಡುಗೆ. ಎಷ್ಟೋ ವರ್ಷ ಹಲಗೆಯ ಮೇಲೆ ಬರೆದು ಕಲಿಸಿದ ಸೂತ್ರ ಇದು. ಹಳಗನ್ನಡ ಕಾವ್ಯದಲ್ಲಿ ಈ ರೂಪ ಸಿಕ್ಕಿದ್ದರೆ ಎದ್ದು ನಿಂತು ವ್ಯಾಖ್ಯಾನ ಮಾಡುತ್ತಿದ್ದೆ. ರಾಗಿಯ ಮುದ್ದೆಯ ಜೊತೆಯಲ್ಲಿ ಬಂತೆಂಬ ಒಂದೇ ಕಾರಣಕ್ಕೆ ಗುರುತು ಸಿಕ್ಕಲಿಲ್ಲ. ನಾವು ಪೇಟೆಯವರು ‘ಅಡುಗೆ’ಯನ್ನು ಇಟ್ಟುಕೊಂಡು ‘ಅಡು’ವನ್ನು ಕೈಬಿಟ್ಟೆವು. ಅದಕ್ಕೇ ನಮ್ಮಲ್ಲಿ ಅಡುಗೆಯನ್ನು ‘ಮಾಡ’ಬೇಕಾಗುತ್ತದೆ. ಆ ತಾಯಿ ಅಡುತ್ತಾಳೆ, ಅಷ್ಟೆ.

ನಿಘಂಟನ್ನು ನೋಡೋಣವೆಂದರೆ ಅದು ಪೀಠದ ಮೇಲಿದೆ. ಸಂಶಯವೇನೂ ಇರಲಿಲ್ಲ, ಆದರೂ ತಪ್ಪು ಮಾಡಿದವನಿಗೆ ಸಾಕ್ಷಿ ಬೇಕೆನಿಸುತ್ತದೆ. ವಿಸರ್ಜನೆಯಾದ ಮೇಲೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ನನ್ನ ಮರುಮುದ್ರಣವನ್ನು ಎಲ್ಲಕ್ಕಿಂತ ಮೊದಲು ತೆಗೆದೆ. ಬೇರೊಂದು ದೇಶದಿಂದ ಬಂದ ಪಾದ್ರಿ ನಮ್ಮ ಜನರ ಬಾಯಿಮಾತನ್ನೂ ಗಾದೆಗಳನ್ನೂ ಪುಸ್ತಕದ ಮಾತಿನ ಪಕ್ಕದಲ್ಲಿಯೇ ಕೂರಿಸಿದ್ದಾನೆ. ‘ಅಡು’ ಅಲ್ಲಿತ್ತು. ಪುಟದ ಮೇಲೆ ಪೂಜೆಯ ಅಕ್ಷತೆಯ ಒಂದು ಕಾಳು ಬಿದ್ದಿತ್ತು.

ನಾಳೆ ಶಾಲೆ ತೆರೆಯುತ್ತದೆ. ಅರ್ಧ ಅಂಕವನ್ನು ಕೊಟ್ಟುಬಿಡಬಹುದು. ಅದಕ್ಕೆ ಕೆಂಪು ಶಾಯಿ ಸಾಕು. ಗೀಚಿ ಹಾಕಿದ ಮಾತನ್ನು ಆ ಹುಡುಗನಿಂದ ಮತ್ತೆ ಬರೆಯಿಸುವುದು ಹೇಗೆಂಬುದೇ ಈ ವಾರದ ಉಳಿದ ದಿನಗಳ ಯೋಚನೆಯಾಯಿತು. ಅವನ ಮನೆಯಲ್ಲಿ ರೇಡಿಯೋ ಇದೆಯೋ ಇಲ್ಲವೋ ಅರಿಯೆ. ಇದ್ದರೂ ನಿಮ್ಮೆದುರು ಹೇಳಿದ್ದು ಅವನಿಗೆ ಸಲ್ಲುವುದಿಲ್ಲ. ನಗಿಸಿದ ತರಗತಿಯಲ್ಲೇ ಹೇಳಬೇಕು. ಮೊದಲನೆಯ ಪಾಠ ಕನ್ನಡವೇ. ಹಲಗೆಯ ಮೇಲೆ ‘ಉಡು, ಉಟ್ಟ’, ‘ತೊಡು, ತೊಟ್ಟ’ ಎಂದು ಬರೆದು, ಕೆಳಗೆ ‘ಅಡು’ ಎಂದಷ್ಟೇ ಬರೆದು, ಸೀಮೆಸುಣ್ಣವನ್ನು ಅವನ ಕೈಗೆ ಕೊಡಬೇಕೆಂದಿದ್ದೇನೆ. ಅವನು ಎದ್ದು ಬರುತ್ತಾನೋ, ತಲೆ ತಗ್ಗಿಸಿ ಕುಳಿತೇ ಇರುತ್ತಾನೋ, ನಾಳೆ ಹತ್ತೂವರೆಗೆ ತಿಳಿಯುತ್ತದೆ.