ಬದುವಿನ ಟೊಂಗೆಗೆ ಎಂಥ ಮಷೀನು?



ಸಂಕ್ರಾಂತಿ ಮುಗಿಯುತ್ತಿದ್ದಂತೆ ಸೊಲ್ಲಾಪುರ ಸೀಮೆಯ ನಮ್ಮ ಚಪಳಗಾಂವದ ಸುತ್ತಿನ ಹೊಲಗಳಲ್ಲಿ ಬದುವಿನ ಮೇಲೆ ರಾಶಿಗಳು ಏಳತೊಡಗುತ್ತವೆ. ತೊಗರಿ ಬಡಿದು ಉಳಿದ ಕಟ್ಟಿಗೆ, ದಾಳಿಂಬೆ ಚಾಟಣಿಯಲ್ಲಿ ಸವರಿದ ಟೊಂಗೆ, ಏಪ್ರಿಲ್ ಬಂತೆಂದರೆ ದ್ರಾಕ್ಷಿಯ ಕಡ್ಡಿ. ಬೇವು, ಜಾಲಿ, ಬಳ್ಳಾರಿ ಜಾಲಿ ಅಂತೂ ವರ್ಷವಿಡೀ ಇದ್ದದ್ದೇ. ಹಿಂದೆ ಇದೆಲ್ಲ ಒಲೆಗೆ ಹೋಗುತ್ತಿತ್ತು. ಈಗ ಬಹಳ ಮನೆಗಳಲ್ಲಿ ಗ್ಯಾಸ್ ಬಂದಿದೆ. ಕಟ್ಟಿಗೆ ಹೊಲದಲ್ಲೇ ಬಿದ್ದು ಒಣಗುತ್ತದೆ, ಕೊನೆಗೊಂದು ದಿನ ಯಾರೋ ಕಡ್ಡಿ ಗೀರುತ್ತಾರೆ.

ನನಗೆ ಆ ಹೊಗೆ ಕಂಡಾಗಲೆಲ್ಲ ಸಂಕಟ. ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1933ರಲ್ಲಿ. ಬಿದ್ದ ಮಳೆಯನ್ನು ಮಣ್ಣಲ್ಲೇ ಹಿಡಿದಿಡುವುದು ಹೇಗೆ ಎಂಬುದೇ ಆ ಕೆಲಸದ ತಿರುಳು. ನಾವು ಸುಡುವ ಕಟ್ಟಿಗೆಯೂ ಅದೇ ಕೆಲಸಕ್ಕೆ ಬರುತ್ತದೆ: ಗಿಡದ ಬುಡಕ್ಕೆ ಮೂರು ನಾಲ್ಕು ಇಂಚು ಕಟ್ಟಿಗೆ ಚೂರು ಹಾಸಿದರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗುವುದಿಲ್ಲ, ತೇವ ಬೇಗ ಆರುವುದಿಲ್ಲ, ಕಸವೂ ಕಡಿಮೆ. ಅಂಥದ್ದನ್ನು ಸುಟ್ಟು ಬೂದಿ ಮಾಡುತ್ತಿದ್ದೇವೆ. ಹಾಗಾಗಿ ಟೊಂಗೆ ಚೂರು ಮಾಡುವ ಚಿಪ್ಪರ್, ಶ್ರೆಡರ್ ಮಷೀನುಗಳ ಬಗ್ಗೆ ರೈತರು ಕೇಳುತ್ತಿರುವುದು ಒಳ್ಳೆಯದೇ. ಆದರೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬದುವಿಗೆ ಹೋಗಿ ಅಲ್ಲಿರುವ ರಾಶಿಯನ್ನು ಚೆನ್ನಾಗಿ ನೋಡಿ. ಅದು ಎಂಥ ರಾಶಿ ಎಂಬುದರ ಮೇಲೇ ಎಲ್ಲವೂ ನಿಂತಿದೆ.

ಮನೆಯಲ್ಲಿ ಕಡಬಾ ಕುಟ್ಟಿ ಮಷೀನು ಇದೆಯಲ್ಲ, ಅದರಲ್ಲೇ ಟೊಂಗೆ ಹಾಕಿದರಾಯಿತು ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಅದರ ಬ್ಲೇಡು ಜೋಳದ ದಂಟಿಗೆಂದು ಮಾಡಿದ್ದು. ಗಟ್ಟಿ ಕಟ್ಟಿಗೆ ಕೊಟ್ಟರೆ ಬ್ಲೇಡು ಮುರಿಯುತ್ತದೆ, ಮುರಿದ ತುಂಡು ಎತ್ತ ಸಿಡಿಯುತ್ತದೋ ಹೇಳಲಾಗದು.

ಕಟ್ಟಿಗೆ ಚೂರು ಮಾಡುವ ಮಷೀನುಗಳಲ್ಲಿ ಎರಡು ರೀತಿಯ ಕೆಲಸ ನಡೆಯುತ್ತದೆ. ಒಂದು, ಕತ್ತರಿಸುವುದು. ಭಾರವಾದ ಉಕ್ಕಿನ ಚಕ್ರಕ್ಕೋ ಉರುಳೆಗೋ ಬ್ಲೇಡು ಕೂಡಿಸಿರುತ್ತಾರೆ, ಎದುರಿಗೆ ಕದಲದ ಒಂದು ಉಕ್ಕಿನ ಪಟ್ಟಿ. ಅವೆರಡರ ನಡುವೆ ಸಿಕ್ಕ ಟೊಂಗೆ ಬಿಲ್ಲೆಬಿಲ್ಲೆಯಾಗಿ ಬೀಳುತ್ತದೆ. ಇದು ಚಿಪ್ಪರ್. ಇನ್ನೊಂದು, ಬಡಿದು ಪುಡಿ ಮಾಡುವುದು. ತೂಗಾಡುವ ಸುತ್ತಿಗೆಗಳು ವೇಗವಾಗಿ ತಿರುಗುತ್ತ ಎಲೆ, ತೊಗರಿ ಕಡ್ಡಿ, ಹತ್ತಿಕಟ್ಟಿಗೆಯನ್ನು ಜಜ್ಜಿ ಜಾಲರಿಯ ತೂತಿನಿಂದ ಹೊರಗೆ ತಳ್ಳುತ್ತವೆ. ಇದು ಶ್ರೆಡರ್. ಒಣಗಿದ್ದಕ್ಕೆ ಇದು ಬಲು ಚುರುಕು. ಹಸಿ ಎಲೆ ಸುರಿದರೆ ಮಾತ್ರ ಜಾಲರಿ ಕಟ್ಟಿಕೊಂಡು ನಿಂತೇ ಬಿಡುತ್ತದೆ. ಚಿಪ್ಪರಿನ ಸ್ವಭಾವ ಇದಕ್ಕೆ ಉಲ್ಟಾ: ಹಸಿ ಟೊಂಗೆ ಸಲೀಸಾಗಿ ಹೋಗುತ್ತದೆ, ಒಣಗಿದ ಜಾಲಿ ಬ್ಲೇಡನ್ನೇ ತಿನ್ನುತ್ತದೆ. ಆದ್ದರಿಂದ ಚಾಟಣಿಯಾದ ವಾರದೊಳಗೆ ಚೂರು ಮಾಡಿ ಮುಗಿಸುವುದು ಲೇಸು. ಎರಡು ಬಾಯಿಯ ಮಷೀನುಗಳೂ ಇವೆ, ಮೇಲಿನದು ಎಲೆಗೆ, ಪಕ್ಕದ್ದು ಟೊಂಗೆಗೆ. ತೊಗರಿಯೂ ದಾಳಿಂಬೆಯೂ ಇರುವ ಹೊಲಕ್ಕೆ ಅದು ಹೊಂದುತ್ತದೆ.

ಮಷೀನಿನ ಮೇಲೆ ಮೂರು ಇಂಚು, ನಾಲ್ಕು ಇಂಚು ಎಂದು ಬರೆದಿರುತ್ತಾರೆ. ಅದು ಮೆತ್ತನೆಯ, ಹಸಿಯಾದ, ನೆಟ್ಟಗಿನ ಕಟ್ಟಿಗೆಯ ಲೆಕ್ಕ. ನಮ್ಮ ಜಾಲಿ, ಹುಣಸೆಗೆ ಅದರ ಅರ್ಧ ಹಿಡಿದುಕೊಳ್ಳಿ. ಹಾಗೆಂದು ತೀರಾ ದೊಡ್ಡ ಮಷೀನಿಗೆ ದುಡ್ಡು ಸುರಿಯುವುದೂ ಸರಿಯಲ್ಲ. ತೋಳಿನಷ್ಟು ದಪ್ಪದ ಕೊರಡಿಗೆ ಇವತ್ತಿಗೂ ಗಿರಾಕಿ ಇದ್ದಾರೆ, ಅದನ್ನು ಮಾರಿ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪವಷ್ಟೇ ಮಷೀನಿಗೆ ಬರಲಿ.

ಶಕ್ತಿ ಎಲ್ಲಿಂದ ಬರಬೇಕು? ಟ್ರ್ಯಾಕ್ಟರ್ ಇದ್ದವರು ಅದರ ಪಿಟಿಓಗೆ, ಅಂದರೆ ಹಿಂದಿನ ತಿರುಗುವ ದಂಡಕ್ಕೆ, ಜೋಡಿಸುವ ಮಷೀನನ್ನೇ ನೋಡಲಿ. ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಬೇರೆ ಎಂಜಿನ್ನಿನ ಖರ್ಚು ಉಳಿಯುತ್ತದೆ, ರಾಶಿ ಇದ್ದಲ್ಲಿಗೇ ಮಷೀನು ಹೋಗುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ನಿನವು ಮನೆಯ ಹಿತ್ತಲಿಗೆ, ಒಂದೆರಡು ಎಕರೆ ತೋಟಕ್ಕೆ ಸಾಕು. ಕರೆಂಟ್ ಮೋಟಾರಿನದು ಅಗ್ಗ. ಆದರೆ ಹೊಲದ ಕರೆಂಟು ಪಾಳಿಯ ಮೇಲೆ ಬರುವಂಥದ್ದು, ರಾತ್ರಿ ಪಾಳಿ ಬಂತೆಂದು ಕತ್ತಲಲ್ಲಿ ಟೊಂಗೆ ಕೊಡಲು ನಿಂತರೆ ಜೀವಕ್ಕೇ ಅಪಾಯ.

ಅಪಾಯದ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಾಶಿ ಮಷೀನು, ಅಂದರೆ ಕಾಳು ಬಡಿಯುವ ಥ್ರೆಶರ್, ಹಳ್ಳಿಗೆ ಬಂದ ಕಾಲ ಹಿರಿಯರಿಗೆ ನೆನಪಿದೆ. ಪೆಂಡಿ ಕೊಡುತ್ತ ಕೊಡುತ್ತ ಎಷ್ಟೋ ಜನ ಕೈ ಕಳೆದುಕೊಂಡರು. ಅದಕ್ಕೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ರಾಶಿ ಮಷೀನಿನ ಬಾಯಿಯ ದೋಣಿ ಕನಿಷ್ಠ 900 ಮಿಲಿಮೀಟರ್ ಉದ್ದವಿರಬೇಕು, ಅದರಲ್ಲಿ 450 ಮಿಲಿಮೀಟರ್ ಮೇಲಿನಿಂದ ಮುಚ್ಚಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಕೈ ಬ್ಲೇಡಿಗೆ ಮುಟ್ಟಬಾರದು ಎಂಬುದೇ ಆ ಅಳತೆಯ ಅರ್ಥ. ಚಿಪ್ಪರ್ ಕೊಳ್ಳುವಾಗಲೂ ಇದನ್ನೇ ಪರೀಕ್ಷಿಸಿ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಚಕ್ರ ಪೂರ್ತಿ ನಿಂತ ಮೇಲೆ ಬಾಯಿಯ ಪಕ್ಕಕ್ಕೆ ಹೊರಗಿನಿಂದ ನಿಮ್ಮ ತೋಳು ಚಾಚಿ ಅಳೆಯಿರಿ. ಬ್ಲೇಡು ಇರುವ ಜಾಗಕ್ಕೆ ಬೆರಳು ತಲುಪುತ್ತದೆ ಎಂದಾದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಮಷೀನು ಬೇಡ.

ಟೊಂಗೆಯನ್ನು ತಾನೇ ಒಳಗೆಳೆಯುವ ರೋಲರ್ ಇದ್ದರೆ, ಒಮ್ಮೆ ತಳ್ಳಿದರೆ ಅದನ್ನು ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ ಹಿಡಿಕೆ ಕೈಗೆಟಕುವಲ್ಲಿ ಇರಲೇಬೇಕು. ಕವಲುಕೊಂಬೆ ಒಳಗೆ ಹೋಗುವಾಗ ಅಂಗಿಯ ತೋಳಿಗೆ ಸಿಕ್ಕಿದರೆ ಮನುಷ್ಯನನ್ನೂ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್, ಧೋತರ, ಸೆರಗು, ಕೈಯ ಬಳೆ ಇವನ್ನೆಲ್ಲ ಬಿಗಿದು ಕಟ್ಟಿ, ಇಲ್ಲವೇ ಬಿಚ್ಚಿಟ್ಟು ನಿಲ್ಲಬೇಕು. ಹೆಣ್ಣುಮಕ್ಕಳೇ ಟೊಂಗೆ ಕೊಡುವ ಹೊಲಗಳು ನಮ್ಮಲ್ಲಿ ಬಹಳ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಿಕ್ಕಿಕೊಂಡದ್ದನ್ನು ಕೈಯಿಂದ, ಕಾಲಿನಿಂದ ತಳ್ಳಲೇಬಾರದು. ಬಂದ್ ಮಾಡಿದ ಮೇಲೂ ಭಾರದ ಚಕ್ರ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ.

ಇನ್ನು ಚೂರನ್ನು ಏನು ಮಾಡುವುದು ಎಂಬ ಮಾತು. ದಾಳಿಂಬೆಯವರು ಹುಷಾರಾಗಿರಬೇಕು. ತೇಲ್ಯಾ ಎಂಬ ದುಂಡಾಣು ರೋಗ ಬಿದ್ದ ತೋಟದ ಟೊಂಗೆಯನ್ನು ಚೂರು ಮಾಡಿ ಬುಡಕ್ಕೆ ಹಾಕಿದರೆ ರೋಗವನ್ನೇ ಹಾಸಿದ ಹಾಗಾಯಿತು. ರೋಗದ ದುಂಡಾಣು ಬಿದ್ದ ಎಲೆ ಕಡ್ಡಿಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಅಂಥ ಟೊಂಗೆಯನ್ನು ತೋಟದಿಂದ ಹೊರಗೊಯ್ದು ಸುಡುವುದೇ ಸರಿ. ಬೆಂಕಿ ಬೇಡವೆಂದು ಹೇಳುವ ನಾನೇ ಇದೊಂದಕ್ಕೆ ಬೆಂಕಿ ಬೇಕು ಎನ್ನುತ್ತೇನೆ. ಅನುಮಾನವಿದ್ದರೆ ಸೊಲ್ಲಾಪುರದ ಹತ್ತಿರ ಕೇಗಾಂವದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಕೇಳಿ. ಬಳ್ಳಾರಿ ಜಾಲಿಯನ್ನು ಕಾಯಿ ಬಿಡುವ ಮೊದಲೇ ಕಡಿದು ಚೂರು ಮಾಡಿ. ಬೀಜ ಗಟ್ಟಿ, ಮಷೀನಿನಿಂದ ಪಾರಾಗಿ ಹೊಲದಲ್ಲೆಲ್ಲ ಮೊಳೆಯುತ್ತದೆ. ಅದರ ಮುಳ್ಳು ಚೂರಿನಲ್ಲೂ ಉಳಿಯುವುದರಿಂದ ಬರಿಗಾಲಲ್ಲಿ ಓಡಾಡುವ ಕಡೆ ಹಾಸಬೇಡಿ, ತಿಪ್ಪೆಗೆ ಹಾಕಿ. ಕಟ್ಟಿಗೆ ಚೂರನ್ನು ಮಣ್ಣಲ್ಲಿ ಬೆರೆಸಿದರೆ ಕೊಳೆಯಿಸುವ ಜೀವಾಣುಗಳು ಬೆಳೆಯ ಪಾಲಿನ ಸಾರಜನಕವನ್ನೇ ಕಸಿದುಕೊಳ್ಳುತ್ತವೆ. ಮೇಲೆ ಹಾಸಿದರೆ ಆ ತೊಂದರೆ ಅಷ್ಟಿಲ್ಲ. ತಿಪ್ಪೆಗಾದರೆ ಸಗಣಿ ರಾಡಿ ಜೊತೆಗಿರಲಿ. ಗೆದ್ದಲಿನ ಕಾಟ ಇರುವಲ್ಲಿ ಕಾಂಡದಿಂದ ಒಂದು ಗೇಣು ಬಿಟ್ಟು ಹಾಸಿ.

ಐದಾರು ಎಕರೆಯವನಿಗೆ ವರ್ಷದಲ್ಲಿ ಕೆಲವೇ ದಿನಗಳ ಕೆಲಸ ಇದು. ಅಷ್ಟಕ್ಕೆ ಒಬ್ಬನೇ ಸಾಲ ಮಾಡಿ ಮಷೀನು ತರುವುದು ನನಗೆ ಒಪ್ಪಿಗೆಯಿಲ್ಲ. ತೊಗರಿಯದು ಜನವರಿ, ದ್ರಾಕ್ಷಿಯದು ಏಪ್ರಿಲ್ ಮತ್ತು ಅಕ್ಟೋಬರ್, ದಾಳಿಂಬೆಯದು ಹಿಡಿದ ಬಹಾರಿನ, ಅಂದರೆ ಹೂ ಬಿಡಿಸುವ ಹಂಗಾಮಿನ ಮೇಲೆ. ಕಾಲ ಬೇರೆ ಬೇರೆ ಆದ್ದರಿಂದ ಹತ್ತು ಮನೆಯವರು ಕೂಡಿ ಒಂದು ತಂದರೆ ಜಗಳವಿಲ್ಲದೆ ಪಾಳಿ ಹಂಚಿಕೊಳ್ಳಬಹುದು. ಕೃಷಿ ಯಂತ್ರಗಳ ಸಹಾಯಧನಕ್ಕೆ ಮಹಾರಾಷ್ಟ್ರದಲ್ಲಿ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮಂಜೂರಾತಿ ಬರುವ ಮೊದಲೇ ಖರೀದಿ ಮಾಡಬೇಡಿ.

ಕೊಳ್ಳುವ ದಿನ ಬರಿಗೈಯಲ್ಲಿ ಹೋಗಬೇಡಿ. ಒಂದು ಕಟ್ಟು ತೊಗರಿ ಕಡ್ಡಿ, ನಾಲ್ಕು ಹಸಿ ದಾಳಿಂಬೆ ಟೊಂಗೆ, ಒಂದೆರಡು ಒಣ ಜಾಲಿ ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ನಿಮ್ಮೆದುರಿಗೇ ಓಡಿಸಿ ತೋರಿಸಲು ಹೇಳಿ. ಜಾಲಿ ಕೊಟ್ಟಾಗ ಎಂಜಿನ್ನಿನ ಸದ್ದು ಕುಗ್ಗುತ್ತದೆಯೇ, ಚೂರು ಒಂದೇ ಸಮ ಬರುತ್ತದೆಯೇ ನೋಡಿ. ಚೂರಿನ ಅಂಚು ನಾರುನಾರಾಗಿ ಹರಿದಿದ್ದರೆ ಬ್ಲೇಡು ಮೊಂಡಾಗಿದೆ, ಇಲ್ಲವೇ ಪಟ್ಟಿಗೂ ಬ್ಲೇಡಿಗೂ ನಡುವಿನ ಸಂದು ಹೆಚ್ಚಾಗಿದೆ. ಆಮೇಲೆ ಬ್ಲೇಡು ಬಿಚ್ಚಿ ತೋರಿಸಲು ಕೇಳಿ. ಎರಡೂ ಕಡೆ ಅಂಚಿದ್ದರೆ ತಿರುಗಿಸಿ ಹಾಕಬಹುದು. ಸಾಣೆ ಹಿಡಿಸುವಾಗ ಎಲ್ಲ ಬ್ಲೇಡುಗಳನ್ನೂ ಸಮನಾಗಿ ಹಿಡಿಸಬೇಕು, ತೂಕ ಹೆಚ್ಚುಕಡಿಮೆಯಾದರೆ ಚಕ್ರ ನಡುಗಿ ಬೇರಿಂಗ್ ಹೋಗುತ್ತದೆ. ಹೊಸ ಬ್ಲೇಡು ಸೊಲ್ಲಾಪುರದಲ್ಲೇ ಸಿಗುತ್ತದೆಯೇ, ಬೆಲೆ ಎಷ್ಟು ಎಂಬುದನ್ನು ಬಿಲ್ಲಿನ ಹಿಂದೆ ಬರೆಯಿಸಿಕೊಂಡೇ ದುಡ್ಡು ಎಣಿಸಿ.