ಮೈಮೇಲಿನ ಗುರುತು, ಮನಸ್ಸಿನ ಮಾತು

ಇವತ್ತಿನ ವಿಷಯ ಕೇಳಿದ ತಕ್ಷಣ ಕೆಲವರು ಇಯರ್‌ಫೋನ್ ಸರಿಮಾಡ್ಕೊಂಡು ಅಕ್ಕಪಕ್ಕ ನೋಡಬಹುದು. ವಿಷಯ ಸುನ್ನತಿ. ನಮ್ಮ ಕಡೆ ಈ ಪದ ಬರೋದು ಒಂದೋ ಜೋಕಿನಲ್ಲಿ, ಇಲ್ಲಾ ಜಗಳದಲ್ಲಿ. ಅದು ಮುಸ್ಲಿಮರ ಮನೆ ಸಂಗತಿ ಅಂತ ಅಷ್ಟಕ್ಕೇ ಬಿಡ್ತೀವಿ. ಆದರೆ ಯೆಹೂದ್ಯರೂ ಇದನ್ನ ಸಾವಿರಾರು ವರ್ಷದಿಂದ ಮಾಡಿಸ್ತಾ ಬಂದಿದ್ದಾರೆ. ಅವರ ಗ್ರಂಥವನ್ನೇ ಹಳೆಯ ಒಡಂಬಡಿಕೆ ಅಂತ ಓದೋ ಕ್ರೈಸ್ತರಿಗೆ ಮಾತ್ರ ಇದು ಕಡ್ಡಾಯ ಅಲ್ಲ. ಯಾಕೆ ಹೀಗೆ?

ಕಥೆ ಶುರುವಾಗೋದು ಆದಿಕಾಂಡದ 17ನೇ ಅಧ್ಯಾಯದಲ್ಲಿ. ಅಬ್ರಹಾಮನಿಗೆ 99 ವರ್ಷ. ಹೆಂಡತಿ ಸಾರಳಿಗೆ ಮಕ್ಕಳಿಲ್ಲ. ನಿನ್ನಿಂದ ದೊಡ್ಡ ಜನಾಂಗ ಹುಟ್ಟುತ್ತೆ ಅಂತ ದೇವರು ಮಾತು ಕೊಡ್ತಾನೆ. ಆ ಒಡಂಬಡಿಕೆಗೆ ಗುರುತಾಗಿ ಪ್ರತಿ ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ ಆಗಬೇಕು. ಗುರುತು ಆ ಜಾಗದಲ್ಲೇ ಯಾಕೆ ಅಂದ್ರೆ, ಕೊಟ್ಟ ಮಾತೇ ಸಂತಾನದ ಬಗ್ಗೆ ಅಂತ ಅನೇಕರು ಅರ್ಥ ಮಾಡ್ತಾರೆ. ಇನ್ನೊಂದು ವಿಷಯ ಗಮನಿಸಿ. ಅವತ್ತು ಸುನ್ನತಿ ಆಗಿದ್ದು ಅಬ್ರಹಾಮ ಮತ್ತು 13 ವರ್ಷದ ಮಗ ಇಷ್ಮಾಯೇಲನಿಗೆ ಮಾತ್ರ ಅಲ್ಲ, ಹಣ ಕೊಟ್ಟು ತಂದ ಮನೆಯ ಆಳುಗಳಿಗೂ ಆಯ್ತು.

ನಾನಿರೋ ಅಂತರಘಟ್ಟೆಯಲ್ಲಿ ದುರ್ಗಾಂಬ ಜಾತ್ರೆಗೆ ಎತ್ತಿನ ಗಾಡಿ ಕಟ್ಕೊಂಡು ಸುತ್ತಲಿನ ತಾಲ್ಲೂಕುಗಳಿಂದ ಜನ ಬರ್ತಾರೆ. ಹರಕೆಯ ಲೆಕ್ಕ ನಿಮಗೆ ಗೊತ್ತಲ್ಲ: ಮೊದಲು ನಾವು ಬೇಡ್ಕೋತೀವಿ, ತಾಯಿ ಕೊಟ್ಟ ಮೇಲೆ ನಾವು ತೀರಿಸ್ತೀವಿ. ಅಬ್ರಹಾಮನ ಕಥೆಯಲ್ಲಿ ಕ್ರಮ ಬೇರೆ. ಅಲ್ಲಿ ಮೊದಲು ಮಾತು ಕೊಡೋನು ದೇವರು. ಸುನ್ನತಿ ಅನ್ನೋದು ಆ ಮಾತಿಗೆ ಮನುಷ್ಯ ಹಾಕೋ ರುಜು ಇದ್ದ ಹಾಗೆ.

ಅದಕ್ಕೇ ಯೆಹೂದ್ಯರ ಮನೆಯಲ್ಲಿ ಇದು ಹಬ್ಬ. ಇದರ ಹೆಸರು ಬ್ರಿತ್ ಮಿಲಾ, ಮಾಡೋರು ಮೊಹೆಲ್. ಮಗುವಿಗೆ ಹೆಸರಿಡೋದೂ ಅವತ್ತೇ. ಎಂಟನೇ ದಿನ ಸಬ್ಬತ್ ಬಂದ್ರೂ ನಿಲ್ಲಿಸಲ್ಲ. ಆದರೆ ಮಗುವಿಗೆ ಹುಷಾರಿಲ್ಲ ಅಂದ್ರೆ ಮುಂದಕ್ಕೆ ಹಾಕಲೇಬೇಕು, ಜೀವ ಮುಖ್ಯ. ಇನ್ನೂ ಒಂದು: ಅವರ ಧರ್ಮಶಾಸ್ತ್ರದ ಪ್ರಕಾರ ಯೆಹೂದಿ ತಾಯಿಗೆ ಹುಟ್ಟಿದವನು ಸುನ್ನತಿ ಆಗದಿದ್ರೂ ಯೆಹೂದಿಯೇ.

ಈ ಗುರುತಿಗೆ ಅವರು ತೆತ್ತ ಬೆಲೆ ದೊಡ್ಡದು. ಕ್ರಿ.ಪೂ. 167ರ ಸುಮಾರಿಗೆ ಗ್ರೀಕ್ ದೊರೆ ನಾಲ್ಕನೇ ಅಂತಿಯೋಕ ಸುನ್ನತಿಯನ್ನ ನಿಷೇಧಿಸಿದ. ಮಾಡಿಸಿದ ತಾಯಂದಿರನ್ನ ಕೊಂದ ಕಥೆಗಳು ಮಕ್ಕಬಿಯರ ಗ್ರಂಥಗಳಲ್ಲಿವೆ. ಗ್ರೀಕರ ವ್ಯಾಯಾಮಶಾಲೆಯಲ್ಲಿ ಬಟ್ಟೆ ಇಲ್ಲದೆ ಕಸರತ್ತು ಮಾಡ್ತಿದ್ರು. ಅವರ ಜೊತೆ ಬೆರೆಯೋಕೆ ಗುರುತನ್ನೇ ಮರೆಮಾಚಿದ ಯೆಹೂದಿ ಯುವಕರೂ ಇದ್ರು. 20ನೇ ಶತಮಾನದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೆಸರು ಬದಲಿಸಿ ಬದುಕ್ತಿದ್ದ ಹುಡುಗರಿಗೆ ಇದೇ ಗುರುತು ಪ್ರಾಣಭಯ ಆಯ್ತು.

2025ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಬೀದರ್‌ನಲ್ಲಿ, ಸಿಇಟಿ ಬರೆಯೋಕೆ ಹೋದ ಕೆಲವು ಹುಡುಗರಿಗೆ ಜನಿವಾರ ತೆಗೀರಿ ಅಂದದ್ದು ದೊಡ್ಡ ಸುದ್ದಿ ಆಯ್ತಲ್ಲ. ಒಂದು ದಾರ ತೆಗಿ ಅಂದಾಗಲೇ ಎಷ್ಟು ನೋವಾಯ್ತು. ಹಾಗಿರುವಾಗ ತೆಗೆಯೋಕೇ ಆಗದ ಗುರುತನ್ನ ಹೊತ್ತವರ ಪಾಡು ಯೋಚನೆ ಮಾಡಿ.

ಈಗ ಕ್ರೈಸ್ತರ ಕಡೆ ಬರೋಣ. ಯೇಸು ಯೆಹೂದಿ. ಅವರಿಗೂ ಎಂಟನೇ ದಿನ ಸುನ್ನತಿ ಆಯ್ತು ಅಂತ ಲೂಕನ ಸುವಾರ್ತೆ ಹೇಳುತ್ತೆ. ಡಿಸೆಂಬರ್ 25ರಿಂದ ಎಣಿಸಿ, ಎಂಟನೇ ದಿನ ಜನವರಿ 1. ನಾವು ಹೊಸ ವರ್ಷಕ್ಕೆ ಕೇಕ್ ಕತ್ತರಿಸೋ ದಿನ ಎಷ್ಟೋ ಸಭೆಗಳಲ್ಲಿ ಯೇಸುವಿನ ಸುನ್ನತಿಯ ಹಬ್ಬ ಆಗಿತ್ತು. ಕೆಲವು ಕಡೆ ಈಗಲೂ ಇದೆ.

ಪ್ರಶ್ನೆ ಎದ್ದಿದ್ದು ಆಮೇಲೆ. ಗ್ರೀಕರು, ರೋಮನ್ನರು ಯೇಸುವನ್ನ ನಂಬೋಕೆ ಶುರು ಮಾಡಿದ್ರು. ಇವರು ಮೊದಲು ಸುನ್ನತಿ ಮಾಡಿಸ್ಕೊಂಡು ಯೆಹೂದಿ ಆಗಬೇಕಾ? ಕ್ರಿ.ಶ. 49ರ ಆಸುಪಾಸಿನಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಸೇರಿ ವಾದ ಮಾಡಿದ್ರು. ಪೇತ್ರ, ಪೌಲ, ಯಾಕೋಬ ಎಲ್ಲ ಇದ್ರು. ಹೊಸಬರ ಮೇಲೆ ಆ ಭಾರ ಹೊರಿಸೋದು ಬೇಡ ಅಂತ ತೀರ್ಮಾನ ಆಯ್ತು. ಪೌಲನ ವಾದ ಸರಳ: ಅಬ್ರಹಾಮ ದೇವರನ್ನ ನಂಬಿದ್ದು ಮೊದಲು, ಸುನ್ನತಿ ಆಗಿದ್ದು ಆಮೇಲೆ. ಹಾಗಾದ್ರೆ ನಂಬಿಕೆ ಮುಖ್ಯ ಅಲ್ವಾ? ಹಾಗಂತ ಪೌಲ ಸುನ್ನತಿಯನ್ನ ದ್ವೇಷಿಸಲಿಲ್ಲ. ಯೆಹೂದಿ ತಾಯಿಯ ಮಗ ತಿಮೊಥೆಯನಿಗೆ ತಾನೇ ಮಾಡಿಸಿದ. ಗ್ರೀಕನಾದ ತೀತನಿಗೆ ಮಾಡಿಸಲೇಬೇಕು ಅನ್ನೋ ಒತ್ತಾಯಕ್ಕೆ ಮಾತ್ರ ಬಗ್ಗಲಿಲ್ಲ. ಇವತ್ತಿಗೂ ಇಥಿಯೋಪಿಯಾ, ಈಜಿಪ್ಟಿನ ಹಳೇ ಕ್ರೈಸ್ತರಲ್ಲಿ ಈ ಪದ್ಧತಿ ರೂಢಿಯಾಗಿ ಉಳಿದಿದೆ.

ಕ್ರೈಸ್ತರಲ್ಲಿ ಸೇರ್ಪಡೆಯ ಗುರುತು ದೀಕ್ಷಾಸ್ನಾನ ಆಯ್ತು. ಅದು ಮೈಮೇಲೆ ಕಾಣಲ್ಲ, ಗಂಡಿಗೂ ಹೆಣ್ಣಿಗೂ ಒಂದೇ. ನಮಗೆ ಬಸವಣ್ಣನವರ ಕಥೆ ನೆನಪಾಗುತ್ತೆ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ನನಗ್ಯಾಕೆ ಅಂತ ಉಪನಯನ ಬೇಡ ಅಂದ್ರು ಅಂತಾರಲ್ಲ. ಶರಣರು ಕೊಟ್ಟ ಇಷ್ಟಲಿಂಗವೂ ಹೆಣ್ಣು ಗಂಡು ಇಬ್ಬರಿಗೂ ಸಮ. ಹಾಗಂತ ಯೆಹೂದ್ಯರ ಹೆಣ್ಣುಮಕ್ಕಳು ಒಡಂಬಡಿಕೆಯ ಹೊರಗಿದ್ದಾರೆ ಅಂದ್ಕೋಬೇಡಿ. ಗುರುತು ಇಲ್ಲದೆಯೂ ಅವರು ಒಳಗಿನವರೇ. ಮತ್ತೆ, ಬರೀ ಮೈಗೆ ಆದರೆ ಸಾಲದು, ಹೃದಯಕ್ಕೂ ಸುನ್ನತಿ ಆಗಬೇಕು ಅನ್ನೋ ಮಾತನ್ನ ಪೌಲನಿಗಿಂತ ಎಷ್ಟೋ ಮೊದಲು ಹೇಳಿದ್ದು ಯೆಹೂದ್ಯರ ಪ್ರವಾದಿ ಯೆರೆಮೀಯ.

ನನಗೆ ಅನ್ಸೋದು ಇಷ್ಟು. ಯೆಹೂದ್ಯರು ಕೇಳಿಕೊಂಡದ್ದು, ನಮಗೆ ಕೊಟ್ಟ ಮಾತನ್ನ ಮುಂದಿನ ತಲೆಮಾರಿಗೆ ಹೇಗೆ ದಾಟಿಸೋದು ಅಂತ. ಮೊದಲ ಕ್ರೈಸ್ತರು ಕೇಳಿಕೊಂಡದ್ದು, ಹೊರಗಿನಿಂದ ಬಂದವನನ್ನ ಪಂಕ್ತಿಯಲ್ಲಿ ಕೂರಿಸೋಕೆ ಅವನಿಂದ ಏನು ಕೇಳಬಹುದು ಅಂತ. ಎರಡೂ ದೊಡ್ಡ ಪ್ರಶ್ನೆಗಳೇ, ನಮ್ಮ ಊರುಗಳಲ್ಲೂ ಇರೋವೇ. ಮುಂದೆ ಯಾರಾದರೂ ಕ್ಲಾಸಿನಲ್ಲೋ ವಾಟ್ಸಾಪ್ ಗ್ರೂಪಿನಲ್ಲೋ ಪಕ್ಕದವನ ಮೈಗುರುತನ್ನ ಹಿಡಿದು ಜೋಕ್ ಹೊಡೆದ್ರೆ, ನಗೋ ಮುಂಚೆ ಒಂದು ಕ್ಷಣ ತಡೀರಿ. ನಿಮ್ಮ ಮನೆಯಲ್ಲಿರೋ ಜನಿವಾರ, ಲಿಂಗ, ಶಿಲುಬೆ, ಮುದ್ರೆ, ಯಾವುದೇ ಇರಲಿ, ಅದರ ಅರ್ಥ ಏನು ಅಂತ ಹಿರಿಯರನ್ನ ಕೇಳಿ. ಅವರು ಹೇಳಿದ್ದನ್ನ ನಮಗೂ ವಾಯ್ಸ್ ನೋಟ್ ಮಾಡಿ ಕಳಿಸಿ.